ಮಗಳ ಹಲ್ಲಿನ ತಂತಿ

ಹೊಟ್ಟೆಕಿಚ್ಚು ನೆರೆಮನೆಯವರ ಮೇಲೆ ಬಂದರೆ ಅದಕ್ಕೊಂದು ಮರ್ಯಾದೆ ಇದೆ. ನೆಗೆಣ್ಣಿಯ ಮೇಲೆ ಬಂದರೆ ಕೇಳಿದವರು ತಲೆಯಾಡಿಸಿ ತಮ್ಮದೂ ಒಂದು ಸೇರಿಸುತ್ತಾರೆ. ಹೆತ್ತ ಮಗಳ ಮೇಲೆ ಬಂದರೆ ಯಾರ ಮುಂದೆ ಹೇಳುವುದು? ಇಳಕಲ್ಲಿನ ಬಸವೇಶ್ವರಿ ಎರಡು ತಿಂಗಳು ಯಾರ ಮುಂದೆಯೂ ಹೇಳಲಿಲ್ಲ. ರೊಟ್ಟಿ ಬಡಿದಳು, ರಾಟೆಯ ಮುಂದೆ ಕೂತು ಗಂಡನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದಳು, ಅತ್ತೆಯ ಕಾಲಿಗೆ ಎಣ್ಣೆ ಹಚ್ಚಿದಳು, ಒಳಗೊಳಗೇ ಕುದ್ದಳು.

ಶುರುವಾದದ್ದು ಬೇಸಿಗೆಯ ಒಂದು ಸಂಜೆ. ಆಚೆಮನೆಯ ಶಮಶಾದಬಿ ಒಂದು ಬಟ್ಟಲು ಹುಣಸೆಹಣ್ಣು ಕೇಳಲು ಬಂದಿದ್ದಳು. ಹದಿನಾಲ್ಕು ವರ್ಷದ ಮಗಳು ಪದ್ಮಶ್ರೀ ಯಾವುದಕ್ಕೋ ಬಾಯಿ ತುಂಬ ನಕ್ಕಳು. ಮುಂದಿನ ಹಲ್ಲಿನ ಮೇಲೆ ಇನ್ನೊಂದು ಹಲ್ಲು ಹತ್ತಿ ಕೂತಿದ್ದು ಎಲ್ಲರಿಗೂ ಕಂಡಿತು.

"ಅವ್ವನ ಹಲ್ಲ ತಂದಾಳ ನೋಡ್ರಿ, ಅಚ್ಚ ಹೊಡದಂಗ," ಅಂದಳು ಶಮಶಾದಬಿ.

ಗಂಡ ನಾಗಲಿಂಗ ಮಗ್ಗದ ಕುಣಿಯಲ್ಲಿ ಕೂತಲ್ಲಿಂದಲೇ ಉತ್ತರ ಕೊಟ್ಟ. "ಅದಕ್ಕ ಬಾಗಲಕೋಟಿಗೆ ಕರಕೊಂಡ ಹೋಗಿ ತಂತಿ ಹಾಕಸಾಂವ ಅದೀನ್ರಿ. ಇನ್ನೂ ಸಣ್ಣಾಕಿ. ಮುಖ ಕೆಡಬಾರದು."

ಶಮಶಾದಬಿ ಹುಣಸೆಹಣ್ಣು ತೆಗೆದುಕೊಂಡು ಹೋದಳು. ಬಸವೇಶ್ವರಿ ಅಕ್ಕಿ ತೊಳೆಯುತ್ತಿದ್ದಳು. ಅದೇ ಅಕ್ಕಿಯನ್ನು ನಾಲ್ಕು ಸಲ ತೊಳೆದಳು. ಮುಖ ಕೆಡಬಾರದು! ಅಂದರೆ ಈ ಮನುಷ್ಯ ಹದಿನಾರು ವರ್ಷದಿಂದ ಒಂದು ಕೆಟ್ಟ ಮುಖದ ಎದುರಿಗೆ ಕೂತು ಉಣ್ಣುತ್ತಿದ್ದಾನೆ ಎಂದಾಯಿತು. ಒಂದು ದಿನವಾದರೂ ಬಾಯಿಬಿಟ್ಟು ಹೇಳಿದ್ದರೆ ಜಗಳವಾಡಬಹುದಿತ್ತು.

ಕನ್ಯಾ ನೋಡಲು ಬಂದ ದಿನ ಅವಳ ತಾಯಿ ಹೇಳಿಕೊಟ್ಟದ್ದು ಒಂದೇ ಮಾತು: ಕೇಳಿದ್ದಕ್ಕೆ ತಲೆ ಅಲ್ಲಾಡಿಸು, ತುಟಿ ತೆರೆಯಬೇಡ. ಮದುವೆಯ ಫೋಟೋದಲ್ಲಿ ಅವಳು ಸಿಟ್ಟು ಬಂದವಳ ಹಾಗೆ ನಿಂತಿದ್ದಾಳೆ. ನಗು ಬಂದಾಗೆಲ್ಲ ಸೆರಗು ತಾನಾಗಿಯೇ ಬಾಯಿಗೆ ಹೋಗುತ್ತದೆ. ಆ ಹಲ್ಲನ್ನು ಈ ಮನೆಯಲ್ಲಿ ಮೆಚ್ಚಿದವಳು ಅತ್ತೆ ಗುರುಲಿಂಗವ್ವ ಒಬ್ಬಳೇ, ಅದೂ ಬೇರೆ ಕಾರಣಕ್ಕೆ. ರೇಷ್ಮೆಯ ಎಳೆಯನ್ನು ಆ ಹಲ್ಲಿಗೆ ಕೊಟ್ಟರೆ ಟಪ್ಪನೆ ತುಂಡಾಗುತ್ತಿತ್ತು. "ನನ್ನ ಸೊಸಿಗೆ ಕತ್ತರಿ ಬ್ಯಾಡ," ಎಂದು ಮುದುಕಿ ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಕಾರಹುಣ್ಣಿಮೆಗೆ ಒಂದು ವಾರ ಮೊದಲು ಪದ್ಮಶ್ರೀಯ ಹಲ್ಲಿಗೆ ತಂತಿ ಬಂತು. ಒಂದೊಂದು ಹಲ್ಲಿಗೂ ಒಂದು ಸಣ್ಣ ಬಿಲ್ಲೆ ಅಂಟಿಸಿ, ಅವುಗಳ ನಡುವೆ ತಂತಿ ಪೋಣಿಸಿ, ತಂತಿ ಜಾರದ ಹಾಗೆ ಕೆಂಪು ರಬ್ಬರಿನ ಬಳೆ ತೊಡಿಸಿದ್ದರು. ಬಳೆಯ ಬಣ್ಣ ಆರಿಸಿದ್ದು ತಾವಿಬ್ಬರೂ ಸೇರಿ ಎಂದು ನಾಗಲಿಂಗ ಬಸ್ಸಿಳಿದು ಬಂದವನೇ ಹೆಮ್ಮೆಯಿಂದ ಹೇಳಿದ. ಅದಕ್ಕೆ ಕಟ್ಟಿದ ಮೊದಲ ಕಂತು ಚೀಟಿ ಎತ್ತಿದ ದುಡ್ಡು. ಆ ಚೀಟಿ ಬಸವೇಶ್ವರಿಯ ಕೊರಳಿನ ಬೋರಮಾಳಕ್ಕೆಂದು ಇಬ್ಬರೂ ಕೂಡಿ ಹಾಕಿದ್ದು.

"ಬೋರಮಾಳ ಎಲ್ಲಿ ಓಡಿ ಹೋಗತೈತಿ? ಮುಂದಿನ ವರ್ಷ ಮಾಡಸೂಣು," ಅಂದ.

"ಮಾಡಸ್ರಿ," ಅಂದಳು ಅವಳು. ಬೋರಮಾಳದ ಆಸೆಯನ್ನು ಅವಳು ಅಲ್ಲಿಗೇ ಬಿಟ್ಟಳು. ಹೋಗಲಿ, ಚಿನ್ನ. ಅವಳನ್ನು ಸುಟ್ಟಿದ್ದು ಅದರ ನಂತರ ನಡೆದದ್ದು.

ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದ ಗಂಡಸು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಡುಗೆ ಹೇಳತೊಡಗಿದ.

"ಕಟಕ ರೊಟ್ಟಿ ಅಕಿ ತಾಟಿಗೆ ಹಾಕಬ್ಯಾಡ. ಬಿಸಿ ರೊಟ್ಟಿ ಹಾಲಾಗ ನೆನಿಸಿ ಕೊಡು. ನುಚ್ಚ ಮಾಡು, ಮಜ್ಜಿಗಿ ಹಾಕಿ ಕಲಸು. ಹಸಿ ಗಜ್ಜರಿ ಬ್ಯಾಡ. ಪೇರಲ ಬ್ಯಾಡ. ಶೇಂಗಾ ಚಟ್ನಿ ಭಾಳ ಸಣ್ಣಗ ಕುಟ್ಟು."

"ಮತ್ತ ನಮಗ?"

"ನಿಮಗೇನು, ಇದ್ದದ್ದ ತಿನ್ರಿ."

ದಿನಕ್ಕೆ ಎರಡು ಅಡುಗೆಯಾಯಿತು. ಉಂಡಾದ ಮೇಲೆ ಇನ್ನೊಂದು ಪೂಜೆ. ಹಿತ್ತಲ ಬಚ್ಚಲಕಲ್ಲಿನ ಹತ್ತಿರ ಮಗಳು ನಿಲ್ಲಬೇಕು, ಅಪ್ಪ ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಮೊಬೈಲಿನ ಬೆಳಕು ಹಿಡಿಯಬೇಕು. ಮೊದಲು ದೊಡ್ಡ ಬ್ರಷ್ಷು, ಆಮೇಲೆ ತಂತಿಯ ಕೆಳಗೆ ತೂರುವ ಕಡ್ಡಿಯಂಥ ಪುಟಾಣಿ ಬ್ರಷ್ಷು.

"ವಸಡಿನ ಕಡೆಯಿಂದ ಕೆಳಗ ತಾ. ಹಾಂ, ಹಂಗ. ಎಡಗಡೆ ಅನ್ನ ಸಿಕ್ಕೈತಿ ನೋಡು. ಇನ್ನೊಮ್ಮೆ ಬಾಯಿ ಮುಕ್ಕಳಿಸು. ಗಲ್ಲಕ್ಕ ಚುಚ್ಚತೈತೇನವಾ? ಮೇಣ ಹಚ್ಚಲಿ?"

ಒಲೆಯ ಮುಂದೆ ಕೂತ ಬಸವೇಶ್ವರಿಗೆ ಒಂದೊಂದು ಮಾತೂ ಕೇಳುತ್ತಿತ್ತು. ನಾಲ್ಕು ವರ್ಷದ ಹಿಂದೆ ಅವಳ ದವಡೆ ಹಲ್ಲು ನೋಯತೊಡಗಿದಾಗ ಇದೇ ಮನುಷ್ಯ "ಲವಂಗ ಇಟ್ಟಕೋ, ಹೋಗತೈತಿ," ಎಂದು ತಲೆಯೆತ್ತದೆ ನೇಯ್ದಿದ್ದ. ಹನ್ನೆರಡು ದಿನ ಲವಂಗ ಇಟ್ಟುಕೊಂಡು, ಹದಿಮೂರನೆಯ ದಿನ ಅವಳೊಬ್ಬಳೇ ಬಸ್‌ಸ್ಟ್ಯಾಂಡ್ ಹತ್ತಿರದ ದವಾಖಾನೆಗೆ ಹೋಗಿ ಹಲ್ಲು ಕೀಳಿಸಿಕೊಂಡು ಬಂದಳು. ಬಾಯಲ್ಲಿ ಹತ್ತಿಯ ಉಂಡೆ ಕಚ್ಚಿಕೊಂಡೇ ಸಂಜೆ ರೊಟ್ಟಿ ಬಡಿದಳು. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಅವನು ಗೊಣಗಿದ, ಅಷ್ಟೇ. ಈಗ ಮಗಳ ಗಲ್ಲಕ್ಕೆ ಚುಚ್ಚುತ್ತದೆಯೇ ಎಂದು ಕೇಳುತ್ತಿದ್ದಾನೆ!

ಮಗಳು ಕೆಟ್ಟವಳಲ್ಲ. ಅದು ಗೊತ್ತಿದ್ದೇ ಬಸವೇಶ್ವರಿಗೆ ಸಿಟ್ಟು ಹೆಚ್ಚಾಗುತ್ತಿತ್ತು. ಹುಡುಗಿಯ ತಪ್ಪೊಂದು ಸಿಕ್ಕರೆ ಸಾಕು ಎಂದು ಕಾದಳು. ಮಾತು ಕಡಿಮೆ ಮಾಡಿದಳು. ಉಣ್ಣು ಎಂದು ಕರೆಯುವುದು, ಏಳು ಎಂದು ಎಬ್ಬಿಸುವುದು, ಅಷ್ಟಕ್ಕೆ ನಿಲ್ಲಿಸಿದಳು.

ಮುಂಗಾರಿನ ನಡುವೆ ಆ ತಪ್ಪು ಸಿಕ್ಕಿತು. ಮದುವೆಯ ಸೀರೆಯ ಗಿರಾಕಿ ಅವಸರ ಮಾಡುತ್ತಿದ್ದ. ಸಾಲೆ ಮುಗಿಸಿ ಬಂದ ಪದ್ಮಶ್ರೀ ಕಂಡಿಕೆ ಸುತ್ತಲು ಕೂತಳು. ತುದಿ ಕಡಿಯಬೇಕಾಗಿ ಬಂದಾಗ ಹುಟ್ಟಿದಾಗಿನಿಂದ ನೋಡಿದ್ದನ್ನೇ ಮಾಡಿದಳು; ಎಳೆಯನ್ನು ಬಾಯಿಗೆ ಕೊಟ್ಟು ಜಗ್ಗಿದಳು. ಎಳೆ ತಂತಿಗೆ ಸಿಕ್ಕಿತು, ಬಿಲ್ಲೆ ಕಿತ್ತು ಬಂತು.

"ಕತ್ತರಿ ಸತ್ತಿತ್ತೇನ?" ನಾಗಲಿಂಗ ಕುಣಿಯಿಂದ ಎದ್ದು ಬಂದ.

"ಮರತೆ ಅಪ್ಪಾ. ಕೈ ತಾನ ಹೋತು."

"ಕೈ ಹೆಂಗ ಹೋಗತೈತಿ? ದಿನಾ ಅವ್ವನ ನೋಡತಿ, ಅದನ್ನ ಕಲತಿ." ಅವನು ಹೆಂಡತಿಯ ಕಡೆ ತಿರುಗಿದ. "ಇನ್ನ ನೀನೂ ಹಲ್ಲಿಲೆ ಕಡಿಯೂದ ಬಿಡು. ನಿನ್ನ ನೋಡೇ ಕೆಟ್ಟಳು."

"ನಿಮ್ಮ ಅವ್ವ ಅದನ್ನ ನೋಡೇ ನನ್ನ ಓಣಿಗೆಲ್ಲ ಹೊಗಳಿದ್ರು," ಎಂದಳು ಬಸವೇಶ್ವರಿ.

"ಖರೆ ಮಾತ," ಅಂದಳು ಮೂಲೆಯಲ್ಲಿದ್ದ ಗುರುಲಿಂಗವ್ವ. ಅವಳ ಬಾಯಲ್ಲಿ ಉಳಿದದ್ದು ಎರಡೇ ಹಲ್ಲು, ಎರಡಕ್ಕೂ ಧೈರ್ಯ ಬಹಳ. "ಹಲ್ಲ ಅಂದಮ್ಯಾಲ ಕೆಲಸ ಮಾಡಬೇಕು. ಕನ್ನಡಿ ಮುಂದ ಹಿಡಕೊಂಡ ಕುಂತರ ಏನ ಬಂತು?"

ಮತ್ತೆ ಬಾಗಲಕೋಟೆಯ ಬಸ್ಸು, ಮತ್ತೆ ಒಂದು ದಿನದ ನೇಯ್ಗೆ ಖೋತಾ. ಹೀಗೇ ಕಿತ್ತುಕೊಂಡರೆ ಮುಗಿಯುವುದು ತಡವಾಗುತ್ತದೆ, ಹಲ್ಲಿಗೂ ಒಳ್ಳೆಯದಲ್ಲ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಬಂದವನು ಮಗಳನ್ನು ನಿಲ್ಲಿಸಿ ಹೇಳಿದ:

"ಇನ್ನೊಮ್ಮೆ ಕಿತ್ತತಂದ್ರ ಎಲ್ಲಾ ತಗಸಿಬಿಡತೇನಿ. ನನ್ನ ಕಡೆ ಆಗೂದಿಲ್ಲ. ಕೇಳಿಸ್ತ?"

ಪದ್ಮಶ್ರೀ ಹೂಂ ಅಂದಳು. ಬಸವೇಶ್ವರಿಗೂ ಕೇಳಿಸಿತು.

ನಾಗರ ಪಂಚಮಿ ಬಂತು. ಆ ಸೀಮೆಯಲ್ಲಿ ಪಂಚಮಿ ಅಂದರೆ ಉಂಡಿ. ಶೇಂಗಾ ಉಂಡಿ, ಎಳ್ಳಿನ ಉಂಡಿ, ಜೋಳದ ಅಳ್ಳಿನ ಉಂಡಿ. ಒಂದೊಂದನ್ನೂ ಓಣಿಯ ಮನೆಮನೆಗೆ ಹಂಚಬೇಕು, ಅವರು ಕೊಟ್ಟದ್ದನ್ನು ತಾವೂ ತಿನ್ನಬೇಕು. ಹುಡುಗಿಯರ ಹಬ್ಬದಲ್ಲಿ ಒಬ್ಬ ಹುಡುಗಿ ಉಂಡಿ ಕಚ್ಚಬಾರದು ಎಂದರೆ ಹೇಗೆ? ರವೆಗೆ ತುಪ್ಪ ಹಾಲು ಹಾಕಿ ಅವಳಿಗೆ ಬೇರೆ ಮೆತ್ತಗಿನ ಉಂಡಿ ಕಟ್ಟುವುದು ಎಂದು ಮಾತಾಯಿತು. ಶೇಂಗಾ ಉಂಡಿಯನ್ನೂ ಎರಡು ಕಟ್ಟು, ಪಾಕ ಎಳಸಾಗಿದ್ದಾಗಲೇ ತೆಗೆದು, ಎಂದು ಹುಡುಗಿಯೇ ಕೇಳಿಕೊಂಡಿದ್ದಳು. ಶೇಂಗಾ ಉಂಡಿ ಅವಳಿಗೆ ಪ್ರಾಣ.

ಪಂಚಮಿಯ ಹಿಂದಿನ ದಿನ ಮಧ್ಯಾಹ್ನ ಬಸವೇಶ್ವರಿ ಬೆಲ್ಲದ ಪಾಕ ಏರಿಸಿ ಕೂತಿದ್ದಳು. ಪಾಕದ ಹದ ನೋಡುವುದು ನೀರಿನ ತಾಟಿನಲ್ಲಿ. ಬಿಟ್ಟ ಹನಿ ಬೆರಳಿಗೆ ಮೆತ್ತಗೆ ಉಂಡೆಯಾದರೆ ಎಳಸು. ತಾಟಿಗೆ ಬಡಿದು ಟಣ್ಣೆಂದರೆ ಗಟ್ಟಿ. ಹನಿ ಮೆತ್ತಗಿತ್ತು. ಮಗಳ ಪಾಲು ತೆಗೆಯಲು ಸೌಟು ಎತ್ತಿದಳು.

ಅಷ್ಟರಲ್ಲಿ ಮಗ್ಗದ ಕಡೆಯಿಂದ ನಾಗಲಿಂಗ ಕೂಗಿದ. "ಪದ್ದಿದು ಬ್ಯಾರೆ ತಗದಿಯೇನ? ನಿನಗ ಬಿಟ್ರ ತಿಳಿಯೂದಿಲ್ಲ. ನಾ ಬಂದ ನೋಡಲೇನು?"

ಹದಿನಾರು ವರ್ಷದಿಂದ ಪಾಕ ಹಿಡಿದ ಕೈಗೆ ಹದ ತಿಳಿಯುವುದಿಲ್ಲವಂತೆ!

"ತಗದೇನ್ರಿ," ಎಂದು ಕೂಗಿ ಹೇಳಿದಳು. ಸೌಟನ್ನು ಕೆಳಗಿಟ್ಟಳು. ಪಾಕ ಕುದಿಯಿತು. ಅವಳು ನೋಡುತ್ತ ಕೂತಳು. ಎರಡನೆಯ ಹನಿ ತಾಟಿನಲ್ಲಿ ಟಣ್ಣೆಂದಿತು. ಅದೇ ಪಾಕಕ್ಕೆ ಶೇಂಗಾ ಸುರಿದು ಎಲ್ಲ ಉಂಡಿ ಕಟ್ಟಿದಳು. ಎರಡನ್ನು ಮಾತ್ರ ಸಣ್ಣಗೆ, ದುಂಡಗೆ, ಚೆಂದ ಕಟ್ಟಿ ಬೇರೆ ಇಟ್ಟಳು.

ಮರುದಿನ ಹಾಲೆರೆದು ಬಂದ ಮೇಲೆ ಬಸವೇಶ್ವರಿ ನಗುತ್ತ ಪದ್ಮಶ್ರೀಯ ಅಂಗೈಯಲ್ಲಿ ಒಂದನ್ನು ಇಟ್ಟಳು.

"ತಗೋ. ಮೆತ್ತಗ ಮಾಡೇನಿ. ತಿನ್ನು."

ಹುಡುಗಿ ಉಂಡಿಯನ್ನು ನೋಡಿದಳು, ತಾಯಿಯನ್ನು ನೋಡಿದಳು. ನಕ್ಕಳು. ಕಚ್ಚಿದಳು. ಸಣ್ಣದೊಂದು ಸದ್ದಾಯಿತು, ಅಷ್ಟೇ. ಆಮೇಲೆ ಅಂಗೈಗೆ ಉಗುಳಿದಾಗ ಶೇಂಗಾದ ಜೊತೆ ಎರಡು ಬಿಲ್ಲೆ, ಸ್ವಲ್ಪ ರಕ್ತ. ತಂತಿಯ ತುದಿ ಬಿಚ್ಚಿಕೊಂಡು ಒಳಗಲ್ಲಕ್ಕೆ ಚುಚ್ಚಿತ್ತು.

ನಾಗಲಿಂಗ ಓಡಿ ಬಂದ. "ಏನ ತಿಂದಿ?"

"ಉಂಡಿ."

"ಯಾರ ಮನೀದು?"

ಹುಡುಗಿ ಅಂಗೈಯನ್ನು ಮುಚ್ಚಿಕೊಂಡಳು.

"ಗೊತ್ತಿಲ್ಲಪ್ಪಾ. ಹಂಚಾಕ ತಂದಿದ್ರಲ್ಲ, ತಾಟಿನಾಗಿಂದ ತಗೊಂಡೆ."

"ಬಾಯಿಚಪಲ! ಸಾವಿರ ಸಲ ಹೇಳೇನಿ." ಅವನ ದನಿ ಆಚೆಮನೆಗೂ ಕೇಳಿರಬೇಕು. "ಬರೂ ಸೋಮವಾರ ಹೋಗೂಣು, ಎಲ್ಲಾ ತಗಸಿಬಿಡೂಣು. ಸಾಕು. ಅವ್ವನಂಗ ಇರತಿಯಲ್ಲ, ಇರು!"

ಆ ಮಾತು ಮಗಳಿಗೆ ಬೈದದ್ದೋ ಹೆಂಡತಿಗೆ ಬೈದದ್ದೋ, ಅವನಿಗೇ ಗೊತ್ತಿರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಿಬಿಡಬೇಕು. ಮೊದಲ ದಿನ ಬಸವೇಶ್ವರಿಗೆ ಸಂತೋಷವಾಯಿತು. ಬಚ್ಚಲಕಲ್ಲಿನ ಹತ್ತಿರ ಕನ್ನಡಿ ಹಿಡಿಯುವವರಿರಲಿಲ್ಲ. ನಾಗಲಿಂಗ ಮೊದಲಿನ ಹಾಗೆ ಕೂತು ಉಂಡ, ಎರಡನೆಯ ರೊಟ್ಟಿ ಕೇಳಿದ, ಮುಳಗಾಯಿ ಪಲ್ಯ ಚಲೋ ಆಗಿದೆ ಎಂದ. ಮನೆಯಲ್ಲಿ ಮತ್ತೆ ಒಂದೇ ಅಡುಗೆಯಾಗುವ ದಿನ ಹತ್ತಿರ ಬಂತು ಎಂದು ಅವಳು ಹಗುರಾಗಿ ಓಡಾಡಿದಳು. ಗುರುಲಿಂಗವ್ವನ ಕಾಲಿಗೆ ಒಂದು ಹನಿ ಎಣ್ಣೆ ಹೆಚ್ಚೇ ಹಾಕಿದಳು.

ಪದ್ಮಶ್ರೀ ಮಾತ್ರ ಮೂರು ಹೊತ್ತೂ ಒಬ್ಬಳೇ ಬಚ್ಚಲಕಲ್ಲಿಗೆ ಹೋಗಿ ಬ್ರಷ್ ಮಾಡುತ್ತಿದ್ದಳು. ತಂತಿಯ ತುದಿಗೆ ತಾನೇ ಮೇಣ ಹಚ್ಚಿಕೊಂಡಳು. ತೆಗೆಯುವುದೇ ಆದ ಮೇಲೆ ಯಾಕೆ ಇಷ್ಟು ತಿಕ್ಕುವುದು ಎಂದು ಅಜ್ಜಿ ಕೇಳಿದರೆ, "ಇರೂ ತನಕ ತಿಕ್ಕತೇನಿ ಆಯಿ," ಅಂದಳು.

ಶನಿವಾರ ಶಮಶಾದಬಿ ಉಂಡಿ ಹಂಚಿದ ಬಟ್ಟಲು ಹಿಂದಿರುಗಿಸಲು ಬಂದಳು. ಏನೋ ಚೇಷ್ಟೆಯ ಮಾತಾಡಿ ಎಲ್ಲರನ್ನೂ ನಗಿಸಿದಳು. ಬಸವೇಶ್ವರಿಯ ಸೆರಗು ಬಾಯಿಗೆ ಹೋಯಿತು. ಎದುರಿಗೆ ಕೂತ ಪದ್ಮಶ್ರೀಯ ಕೈಯೂ ಎದ್ದಿತು. ವೇಲಿನ ತುದಿಯಿಂದ ತುಟಿ ಮುಚ್ಚಿಕೊಂಡು, ಕಣ್ಣಲ್ಲಿ ಮಾತ್ರ ನಕ್ಕಳು. ಹುಡುಗಿ ಅದುವರೆಗೆ ಎಂದೂ ಹಾಗೆ ಮಾಡಿರಲಿಲ್ಲ. ಕೆಂಪು ಬಳೆಗಳನ್ನು ತೋರಿಸಿಕೊಂಡೇ ಓಣಿಯಲ್ಲಿ ತಿರುಗಿದ್ದಳು.

ಬಸವೇಶ್ವರಿಯ ನಗು ಸೆರಗಿನೊಳಗೇ ಆರಿತು. ತನ್ನ ಮುಖವನ್ನೇ ಕಂಡಂತಾಯಿತು, ಹದಿನಾಲ್ಕು ವರ್ಷದ್ದು. ನಾನು ಈ ಮಗುವಿಗೆ ಇದನ್ನೇ ಮಾಡಿದೆ, ಅಂದುಕೊಂಡಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಿದ್ದರು.

"ನಾಳೆ ಎಂಟರ ಬಸ್ಸಿಗೆ ಹೋಗತೇವಿ," ಅಂದ ನಾಗಲಿಂಗ. "ಕಮತಗಿ ದಾಟೂದರಾಗ ಫೋನ್ ಮಾಡಿ ಹೇಳತೇನಿ, ತಗಸಾಕ ಬರಾಕತ್ತೇವಿ ಅಂತ. ಸಂಜಿಗೆ ಎಲ್ಲಾ ಮುಗದಿರತೈತಿ."

ಪದ್ಮಶ್ರೀ ತಾಟು ನೋಡುತ್ತ ನುಚ್ಚು ಕಲಸುತ್ತಿದ್ದಳು.

"ತಗಸಬ್ಯಾಡ್ರಿ," ಅಂದಳು ಬಸವೇಶ್ವರಿ.

"ಯಾಕ?"

"ಅಕಿ ತಪ್ಪಲ್ಲ. ಉಂಡಿ ನಾ ಕೊಟ್ಟಿದ್ದು."

"ನೀ ಮೆತ್ತಗಿಂದ ಕೊಟ್ಟಿರತಿ. ಮ್ಯಾಲ ಅಕಿ ಮತ್ತೊಂದ ತಿಂದಾಳ."

"ಅಲ್ಲರಿ. ಗಟ್ಟಿ ಐತಿ ಅಂತ ಗೊತ್ತಿದ್ದ ಕೊಟ್ಟೆ. ಮೆತ್ತಗ ಮಾಡೇನಿ ಅಂತ ಸುಳ್ಳ ಹೇಳಿ ಕೊಟ್ಟೆ."

ನಾಗಲಿಂಗನ ಕೈಯ ತುತ್ತು ತಾಟಿಗೆ ಬಿತ್ತು. "ಹೆತ್ತ ಮಗಳಿಗೆ?"

"ಹೂಂ, ಹೆತ್ತ ಮಗಳಿಗೆ. ಹೊಟ್ಟಿಕಿಚ್ಚ ಬಂದಿತ್ತು ನನಗ."

"ಬಾಯಿ ಮುಚ್ಚ ಬಸವ್ವ," ಎಂದು ಗುರುಲಿಂಗವ್ವ ಗಾಬರಿಯಿಂದ ಕೈ ಅಡ್ಡ ಹಿಡಿದಳು. "ಇಂಥಾದ್ದ ಯಾರರ ಹೇಳತಾರೇನ?"

"ಹದಿನಾರ ವರ್ಷ ಮುಚ್ಚಿಕೊಂಡ ಕುಂತೇನ್ರಿ ಅತ್ತಿ." ಅವಳು ಗಂಡನ ಕಡೆ ತಿರುಗಿದಳು. ಸೆರಗು ಹೆಗಲ ಮೇಲೇ ಇತ್ತು. "ಮಗಳ ಬಾಯಾಗ ಎಷ್ಟ ಬಿಲ್ಲಿ ಅದಾವ, ಎಲ್ಲಿ ಅನ್ನ ಸಿಗತೈತಿ, ಕಣ್ಣ ಮುಚ್ಚಿ ಹೇಳತೀರಿ. ನಂದೊಂದ ಹಲ್ಲ ಹೋಗಿ ನಾಕ ವರ್ಷ ಆತು. ಯಾವ ಕಡೀದು? ಹೇಳ್ರಿ ನೋಡೂಣು."

ನಾಗಲಿಂಗ ಅವಳ ಮುಖ ನೋಡಿದ.

"ಹಲ್ಲ ಯಾವಾಗ ಹೋತು?" ಅಂದ.

ಅವನು ಕೈ ತೊಳೆದುಕೊಂಡು ಎದ್ದು ಮಗ್ಗದ ಕುಣಿಗೆ ಇಳಿದ. ಮಗ್ಗದ ಸದ್ದು ಮಾತ್ರ ಕೇಳಲಿಲ್ಲ. ಗುರುಲಿಂಗವ್ವ ಅರ್ಧ ಉಂಡ ತಾಟು ಸರಿಸಿ, ಗೋಡೆಗೆ ಮುಖ ಮಾಡಿ ಮಲಗಿದಳು. ಸ್ವಲ್ಪ ಹೊತ್ತಿನ ಮೇಲೆ ಕುಣಿಯಿಂದ ದನಿ ಬಂತು.

"ತಂತಿ ತಗಸೂದ ಬ್ಯಾಡ. ಬಿಲ್ಲಿ ಹಚ್ಚಿಸಿಕೊಂಡ ಬರ್ರಿ. ನಾಳೆ ನೀನ ಕರಕೊಂಡ ಹೋಗು. ನನಗ ನಿನ್ನ ಕೂಡ ಮಾತಾಡಾಕ ಇನ್ನ ನಾಕ ದಿನ ಬೇಕು."

"ಆತ್ರಿ," ಅಂದಳು ಬಸವೇಶ್ವರಿ.

ತಾಟು ಬಳಿದುಕೊಂಡು ಅವಳು ಹಿತ್ತಲಿಗೆ ಹೋದಳು. ಪದ್ಮಶ್ರೀ ಹಿಂದೆಯೇ ಬಂದು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ತಾಯಿ ಬೂದಿಯಲ್ಲಿ ತಿಕ್ಕಿದ್ದನ್ನು ಮಗಳು ನೀರಿಗೆ ಹಿಡಿದಳು. ನಾಲ್ಕು ತಾಟು ತೊಳೆದಾಯಿತು.

"ನನಗ ಗೊತ್ತಿತ್ತು ಬೇ," ಅಂದಳು ಹುಡುಗಿ.

"ಏನ ಗೊತ್ತಿತ್ತು?"

"ಉಂಡಿ ಗಟ್ಟಿ ಐತಿ ಅಂತ. ಕೈಯಾಗ ಹಿಡಿದ ಕೂಡಲೇ ಗೊತ್ತಾತು."

ಬಸವೇಶ್ವರಿ ತಿಕ್ಕುವುದನ್ನು ನಿಲ್ಲಿಸಿದಳು. "ಮುರೀತೈತಿ ಅಂತ ಗೊತ್ತಿದ್ದ ಯಾಕ ತಿಂದಿ?"

ಪದ್ಮಶ್ರೀ ತೊಳೆದ ತಾಟನ್ನು ಇನ್ನೊಮ್ಮೆ ತೊಳೆದಳು.

"ಕಾರಹುಣ್ಣಿಮಿ ಆದಮ್ಯಾಲ ನೀ ನಗತಾ ನನಗ ಕೈಯಾಗ ಕೊಟ್ಟಿದ್ದು ಅದೊಂದ. ಹೆಂಗ ಬ್ಯಾಡ ಅನ್ನಲಿ?"